ಕಾಡಿನ ಬಾಕಿ

ಮಲೆನಾಡಿನಿಂದ ಬಂದು ಮುಂಬಯಿ ಸೇರಿದ ನಮ್ಮಂಥವರಿಗೆ ಒಂದು ಕೆಟ್ಟ ಚಾಳಿ ಇದೆ. ಎಲ್ಲೇ ಜಲಪಾತ ಕಂಡರೂ "ಇದೇನು ಮಹಾ, ನಮ್ಮ ಜೋಗ ನೋಡಬೇಕು" ಎಂದುಬಿಡುತ್ತೇವೆ. ಲೋಣಾವಳದಲ್ಲಿ ಹೇಳಿದ್ದೇನೆ, ಮಾಥೇರಾನಿನಲ್ಲಿ ಹೇಳಿದ್ದೇನೆ. ಬೊರಿವಲಿಯ ನ್ಯಾಷನಲ್ ಪಾರ್ಕಿನಲ್ಲಂತೂ, ಮನೆಯಿಂದ ಇಪ್ಪತ್ತು ನಿಮಿಷದ ದಾರಿ ಎಂಬ ಸದರದಿಂದ, ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅದೇ ಪಾರ್ಕಿನಲ್ಲಿ ಒಂದು ರಾತ್ರಿ ಡೇರೆಯಲ್ಲಿ ಮಲಗಿ ಬಂದ ಮೇಲೆ ಆ ಮಾತು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸೊಸೈಟಿಯ ಹುಡುಗರು ಅನುಮತಿ ಪಡೆದು ಏರ್ಪಡಿಸಿದ್ದ ಶಿಬಿರ ಅದು. ಆ ವರ್ಷ ಕಾರ್ವಿ ಹೂ ಬಿಡುವ ವರ್ಷ. ಎಂಟು ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುವ ಗಿಡ ಅದು. ಹಿಂದೆ 2016ರಲ್ಲಿ ಬಿಟ್ಟಿತ್ತು, ಇನ್ನು ಬಿಡುವುದು 2032ರಲ್ಲಿ. ಅಷ್ಟು ಹೊತ್ತಿಗೆ ನನಗೆ ಎಪ್ಪತ್ತನಾಲ್ಕು. ಒಂಬತ್ತು ವರ್ಷದ ಮೊಮ್ಮಗಳು "ಅಜ್ಜ, ನೀನು ಬರದಿದ್ದರೆ ನಾನೂ ಹೋಗಲ್ಲ" ಎಂದು ಹಟ ಹಿಡಿದಳು. ನನ್ನ ಹೆಂಡತಿ ಮೊಣಕಾಲಿನ ನೆಪ ಹೇಳಿ ಜಾರಿಕೊಂಡಳು. ನಾನು ಟಾರ್ಚು, ರಕ್ತದೊತ್ತಡದ ಮಾತ್ರೆ, ಮಂಡಕ್ಕಿ ಕಟ್ಟಿಕೊಂಡು ಹೊರಟೆ.

ನೋಡದವರಿಗಾಗಿ ನಾಲ್ಕು ಮಾತು. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಎಂಬುದು ಇದರ ಸರ್ಕಾರಿ ಹೆಸರು. ಸುಮಾರು 104 ಚದರ ಕಿಲೋಮೀಟರ್ ಕಾಡು. ಒಂದೂವರೆ ಕೋಟಿಗೂ ಮೀರಿದ ಜನರ ನಗರ ಇದರ ಸುತ್ತ ಒತ್ತಿಕೊಂಡು ನಿಂತಿದೆ. ಒಳಗೆ ಚಿರತೆಗಳಿವೆ, ಕಡವೆ, ಜಿಂಕೆಗಳಿವೆ. ವಿಹಾರ ಮತ್ತು ತುಳಸಿ ಎಂಬ ಎರಡು ಕೆರೆಗಳನ್ನು ಬ್ರಿಟಿಷರು 19ನೆಯ ಶತಮಾನದಲ್ಲಿ ಮುಂಬಯಿಗೆ ಕುಡಿಯುವ ನೀರಿಗೆಂದೇ ಕಟ್ಟಿಸಿದರು. ಇಂದಿಗೂ ಅವುಗಳ ನೀರು ಪಟ್ಟಣಕ್ಕೆ ಬರುತ್ತದೆ. ಮಧ್ಯದಲ್ಲಿ ಕಾನ್ಹೇರಿಯ ಬೌದ್ಧ ಗುಹೆಗಳು, ನೂರಕ್ಕೂ ಹೆಚ್ಚು. ಕಪ್ಪು ಬಂಡೆ ಕೊರೆದು ಮಾಡಿದ ಈ ಗುಹೆಗಳ ಪಕ್ಕದಲ್ಲಿ ಮಳೆನೀರು ಹಿಡಿಯುವ ತೊಟ್ಟಿಗಳಿವೆ. ಅಲ್ಲಿನ ಶಾಸನಗಳಲ್ಲಿ ಕೆಲವು ನಮ್ಮ ಅಮೋಘವರ್ಷ ನೃಪತುಂಗನ ಕಾಲದವು, 9ನೆಯ ಶತಮಾನದವು. ವಿಹಾರದ ಖರ್ಚಿಗೆ ನಾಣ್ಯಗಳ ದತ್ತಿ ಇಟ್ಟ ವಿಷಯ ಅವುಗಳಲ್ಲಿದೆ. ನಾನು ಬ್ಯಾಂಕಿನವನಾದ್ದರಿಂದ ಇದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತೇನೆ: "ಫಿಕ್ಸೆಡ್ ಡಿಪಾಸಿಟ್ ಏನು ಹೊಸದಲ್ಲ, ನಮ್ಮ ರಾಜನ ಕಾಲದಲ್ಲೇ ಇತ್ತು."

ಮೊದಲ ದಿನ ಮಧ್ಯಾಹ್ನ ಕಾಲುದಾರಿಯಲ್ಲಿ ನಡೆಸಿಕೊಂಡು ಹೋದರು. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬಂಡೆಯ ಮೇಲಿಂದ ಝರಿಗಳು ಎರಡಾಳು, ಮೂರಾಳು ಎತ್ತರದಿಂದ ಬೀಳುತ್ತಿದ್ದವು. ಡಿಸೆಂಬರಿಗೆ ಬಂದರೆ ಇವುಗಳ ಗುರುತೂ ಸಿಗುವುದಿಲ್ಲ. ಗುಡ್ಡದ ಇಳಿಜಾರಿನಲ್ಲಿ ಕಾರ್ವಿ, ನೇರಳೆ ಬಣ್ಣ. ನಮಗೆ ದಾರಿ ತೋರಿಸಲು ಬಂದಿದ್ದವನು ಕಾಡಿನೊಳಗಿನ ಪಾಡಾ ಒಂದರ ವಾರಲಿ ಹುಡುಗ, ಇಪ್ಪತ್ತೈದರ ಆಸುಪಾಸು. ಮೊಮ್ಮಗಳು ಅವನನ್ನು ಮರಾಠಿಯಲ್ಲಿ ಕೇಳಿದಳು, "ದಾದಾ, ಇದು ನಿಮ್ಮ ಕಾಡಾ?"

ಅವನು ನಕ್ಕ. "ಕಾಡು ಸರ್ಕಾರದ್ದು. ಮನೆ ಮಾತ್ರ ನಮ್ಮದು. ಅದೂ ಪಕ್ಕಾ ಅಂತ ಹೇಳೋಕೆ ಬರಲ್ಲ."

ಸ್ವಲ್ಪ ದೂರ ಹೋದ ಮೇಲೆ ಪೊದೆಗಳ ನಡುವೆ ಒಂದಿಷ್ಟು ಸಮತಟ್ಟು ನೆಲ ಕಂಡಿತು. ಒಡೆದ ಸಿಮೆಂಟಿನ ಅಡಿಪಾಯ, ಒಂದು ತುಳಸಿಕಟ್ಟೆಯ ಅರ್ಧ ಭಾಗ. ಹುಡುಗಿ ಅದೇನೆಂದು ಕೇಳಿದಳು. "ಇಲ್ಲಿ ಮೊದಲು ಝೋಪಡಿಗಳಿದ್ದವು. ನಾನು ಹುಟ್ಟುವ ಹೊತ್ತಿಗೆ ಎಲ್ಲಾ ಒಡೆದರು" ಎಂದು ಅವನು ಮುಂದೆ ನಡೆದ. ಅವನಿಗೆ ಅದು ದಿನಾ ನೋಡುವ ಜಾಗ. ನನ್ನ ಕಾಲು ಮಾತ್ರ ಅಲ್ಲಿಂದ ಕೀಳಲಿಲ್ಲ. ಆ ತುಳಸಿಕಟ್ಟೆ ಯಾರದೋ ನನಗೆ ಗೊತ್ತಿಲ್ಲ. ಆದರೆ ಇಂಥದೇ ಒಂದು ಝೋಪಡಿಯಿಂದ ನಮ್ಮ ಮನೆಗೆ ನಾಲ್ಕು ವರ್ಷ ಒಬ್ಬ ಬಾಯಿ ಬರುತ್ತಿದ್ದಳು.

ಮುಂಬಯಿಯಲ್ಲಿ ಮನೆಗೆಲಸದವಳನ್ನು ಬಾಯಿ ಎನ್ನುತ್ತಾರೆ. ಹೆಸರಿರುತ್ತದೆ, ಆದರೆ ಬಾಯಿ ಎಂದರೆ ಸಾಕು ಎಂದು ನಾವು ಅಂದುಕೊಂಡಿರುತ್ತೇವೆ. ಇವಳು ನಮ್ಮವಳೇ, ಕಲಬುರ್ಗಿ ಕಡೆಯವಳು. ಬರಗಾಲಕ್ಕೆ ಊರು ಬಿಟ್ಟು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು. ಗಂಡ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಗೆಲಸ ಹಿಡಿದಳು. ಅವಳು ಕನ್ನಡ ಮಾತಾಡುತ್ತಾಳೆಂದೇ ನನ್ನ ಹೆಂಡತಿ ಅವಳನ್ನು ಇಟ್ಟುಕೊಂಡದ್ದು. "ಮಾತಾಡೋಕೆ ಒಂದು ಜೀವ ಆಯ್ತು" ಎನ್ನುತ್ತಿದ್ದಳು.

ಈ ಕಾಡಿನ ಒತ್ತುವರಿಯ ವಿರುದ್ಧ ಒಂದು ಪರಿಸರ ಸಂಘಟನೆ 1995ರಲ್ಲಿ ನ್ಯಾಯಾಲಯಕ್ಕೆ ಹೋಯಿತು. 1997ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ತೆರವಿಗೆ ಆದೇಶ ಕೊಟ್ಟಿತು. ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಸಾವಿರಾರು ಝೋಪಡಿಗಳು ನೆಲಸಮವಾದವು. ಹಳೆಯ ನಿವಾಸಿಗಳೆಂದು ದಾಖಲೆ ತೋರಿಸಬಲ್ಲವರಿಗೆ ಬೇರೆ ಕಡೆ ಮನೆ, ಅದಕ್ಕೆ ಅವರೂ ಹಣ ಕಟ್ಟಬೇಕು ಎಂದು ತೀರ್ಮಾನವಾಯಿತು. ನಾವು, ಅಂದರೆ ಸುತ್ತಲಿನ ಕಟ್ಟಡಗಳವರು, ಖುಷಿಪಟ್ಟೆವು. ಬೆಳಗಿನ ವಾಕಿಂಗಿಗೆ ಹೋದಾಗ ಇದೇ ಮಾತು. "ಅಂತೂ ಕಾಡು ಉಳಿಯಿತಪ್ಪ" ಎಂದು ನಾನೂ ಹೇಳಿದ್ದೇನೆ.

1998ರ ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಒಂದು ಭಾನುವಾರ ಬಾಯಿ ಪಾತ್ರೆ ತಿಕ್ಕಿದವಳು ಹೋಗದೆ ಬಾಗಿಲಲ್ಲಿ ನಿಂತಳು. "ಸಾಹೇಬ್ರೇ, ಏಳು ಸಾವಿರ ಕಟ್ಟಿದ್ರ ಬ್ಯಾರೆ ಕಡಿ ಮನಿ ಕೊಡ್ತಾರಂತ್ರಿ. ನಮ್ಮ ಬಲ್ಲಿ ಎರಡು ಅವ. ಐದು ಬ್ಯಾಂಕಿನಾಗ ಕೊಡಸ್ರಿ. ಪಗಾರದಾಗ ತಿಂಗಳಾ ಮುರ್ಕೋರಿ."

ನಾನು ಅಧಿಕಾರಿಯ ಧಾಟಿಯಲ್ಲಿ ವಿವರಿಸಿದೆ. ಬ್ಯಾಂಕಿನಲ್ಲಿ ಸಾಲ ಬೇಕಾದರೆ ಖಾತೆ ಬೇಕು, ಜಾಮೀನುದಾರ ಬೇಕು, ವಿಳಾಸದ ಪುರಾವೆ ಬೇಕು. ವಿಳಾಸವೇ ಇನ್ನು ಹದಿನೈದು ದಿನಕ್ಕೆ ಇರುವುದಿಲ್ಲ ಎಂದು ತಾನೇ ಅವಳು ಬಂದದ್ದು? ನಾನು ಹೇಳಿದ ನಿಯಮದಲ್ಲಿ ಸುಳ್ಳಿರಲಿಲ್ಲ. ಆದರೆ ಅವಳು ಬ್ಯಾಂಕಿನ ಹೆಸರು ಹೇಳಿದ್ದು ಮರ್ಯಾದೆಗೆ. ಕೇಳಿದ್ದು ನನ್ನನ್ನು. ಅದು ಇಬ್ಬರಿಗೂ ಗೊತ್ತಿತ್ತು. ನನ್ನ ಎಲ್‌.ಎಫ್‌.ಸಿ. ಮುಂಗಡ ಅದೇ ವಾರ ಕೈಗೆ ಬಂದಿತ್ತು. ಕೊಂಕಣ ರೈಲು ಆ ವರ್ಷ ಜನವರಿಯಲ್ಲಷ್ಟೇ ಪೂರ್ತಿ ಓಡತೊಡಗಿತ್ತು. ಅದರಲ್ಲಿ ಹೊನ್ನಾವರಕ್ಕೆ ಹೋಗಿ, ಘಾಟಿ ಹತ್ತಿ, ಮಕ್ಕಳಿಗೆ ಜೋಗ ತೋರಿಸಬೇಕೆಂದು ಟಿಕೀಟು ಮಾಡಿಸಿದ್ದೆ.

ಒಳಗೆ ಹೋಗಿ ಐನೂರು ರೂಪಾಯಿ ತಂದು ಕೈಗಿಟ್ಟೆ. "ಇದನ್ನ ವಾಪಸ್ ಕೊಡಬೇಡ, ಇಟ್ಕೋ" ಎಂದೆ. ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ನನಗೆ ಆ ಕ್ಷಣ ಸಮಾಧಾನವೇ ಆಯಿತು.

ಆ ಸಮಾಧಾನದ ಬಗ್ಗೆ ನಾನು ಅಂದು ಡೇರೆಯಲ್ಲಿ ಮಲಗಿ ಬಹಳ ಹೊತ್ತು ಯೋಚಿಸಿದೆ. ಮೂವತ್ತೇಳು ವರ್ಷ ಸಾಲದ ಅರ್ಜಿ ನೋಡಿದವನು ನಾನು. ದಾನ ದೊಡ್ಡದು, ಸಾಲ ಸಣ್ಣದು ಎಂದು ಜನ ತಿಳಿಯುತ್ತಾರೆ. ನನ್ನ ಅನುಭವ ಬೇರೆ. ಸಾಲ ಕೊಡುವಾಗ ನಾವು ಎದುರಿನವನಿಗೆ ಹೇಳುವುದು, "ನೀನು ಮತ್ತೆ ಬರುತ್ತೀ, ನಿನ್ನ ಮಾತಿಗೆ ಬೆಲೆ ಇದೆ" ಎಂದು. ಐನೂರು ದಾನ ಕೊಟ್ಟವನು ಹೇಳಿದ್ದು, "ಈ ವಿಷಯ ಇಲ್ಲಿಗೆ ಮುಗಿಯಿತು" ಎಂದು. ಅವಳು ಕೇಳಿದ್ದು ನಂಬಿಕೆ. ನಾನು ಕೊಟ್ಟದ್ದು ಬಿಡುಗಡೆ, ಅದೂ ನನಗೆ ನಾನೇ.

ಜೋಗಕ್ಕೆ ಹೋದೆವು. ಆ ಪ್ರವಾಸದಲ್ಲಿ ಎಂಟು ಸಾವಿರದ ಮೇಲೆ ಖರ್ಚಾಯಿತು. ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಕವಲು ಬೀಳುತ್ತಿದ್ದವು. ಮಕ್ಕಳು ಕುಣಿದರು. ಹೆಂಡತಿ ಕಟಕಟೆ ಹಿಡಿದು ನಿಂತು, "ಅಲ್ರೀ, ಆ ಬಾಯಿ ಏನು ಮಾಡಿದಳೋ" ಎಂದಳು. ನಾನು ಕೇಳಿಸದವನಂತೆ ಕ್ಯಾಮರಾ ತಿರುಗಿಸಿದೆ. ನಾವು ವಾಪಸು ಬಂದ ಮೇಲೆ ಅವಳು ಬರಲಿಲ್ಲ. ಒಂದು ವಾರ ಕಾದು ಹೆಂಡತಿ ಹುಡುಕಿಕೊಂಡು ಹೋದಳು. ಅಲ್ಲಿ ತಗಡು, ಇಟ್ಟಿಗೆ, ಪೊಲೀಸರು ಇದ್ದರಂತೆ. ಕೇಳಲು ಪರಿಚಯದವರು ಒಬ್ಬರೂ ಇರಲಿಲ್ಲ.

ಇಲ್ಲಿ ನನ್ನ ಕಥೆಯ ಇನ್ನೊಂದು ತುದಿ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ನನ್ನ ತಾಯಿಯ ತವರುಮನೆ ಸಾಗರ ತಾಲ್ಲೂಕಿನಲ್ಲಿತ್ತು. ಈಗ ಅದು ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ನನಗೆ ಆರು ವರ್ಷ. ಅಡಿಕೆ ತೋಟ, ಮನೆ, ದನದ ಕೊಟ್ಟಿಗೆ ಎಲ್ಲ ಬಿಟ್ಟು ಅಜ್ಜಿ ಗಾಡಿ ಹತ್ತಿದಳು. ಶರಾವತಿಯ ವಿದ್ಯುತ್ತಿನಿಂದ ನಾಡಿಗೆಲ್ಲ ಬೆಳಕಾಯಿತು. ಅಜ್ಜಿ ಹೋಗಿ ನೆಲೆಸಿದ ಹೊಸ ಜಾಗಕ್ಕೆ ಕರೆಂಟು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಮೊದಲ ಸಲ ಬಲ್ಬು ಹತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರೆ ಅವಳು ಮಾತ್ರ "ಇದು ನಮ್ಮನೆ ತೋಟದ ಮೇಲೆ ಉರೀತಿರೋದು" ಎಂದು ಒಳಗೆ ಹೋದಳು. ಶರಾವತಿ ಸಂತ್ರಸ್ತರ ಜಮೀನಿನ ಹಕ್ಕುಪತ್ರದ ತಕರಾರು ಅರವತ್ತು ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ. ನಾನು "ನಮ್ಮ ಜೋಗ" ಎಂದು ಎದೆಯುಬ್ಬಿಸುವ ಆ ನೀರು ಕೂಡ ಅಣೆಕಟ್ಟಿನವರು ಬಿಟ್ಟಷ್ಟೇ, ಮಳೆ ಬಂದಷ್ಟೇ.

ಅಂಥ ಅಜ್ಜಿಯ ಮೊಮ್ಮಗ ನಾನು. ಒಕ್ಕಲೆಬ್ಬಿಸಿದವರ ಮನೆಯಲ್ಲಿ ಬೆಳೆದವನಿಗೆ ಒಕ್ಕಲೆದ್ದವಳ ಮಾತು ತಿಳಿಯಬೇಕಾಗಿತ್ತು. ತಿಳಿಯಲಿಲ್ಲ. ಕಷ್ಟ ಕಂಡವರ ಮಕ್ಕಳು ಕರುಣೆಯುಳ್ಳವರಾಗುತ್ತಾರೆ ಎಂಬುದು ಕಥೆ ಕಾದಂಬರಿಯ ಮಾತು. ಹೆಚ್ಚಿನ ಸಲ ನಾವು ಎರಡನೇ ಸಲ ಮುಳುಗಬಾರದೆಂದು ನಮ್ಮ ಹಲಗೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ.

ಓದುಗರು ಕೇಳಬಹುದು, ಹಾಗಾದರೆ ಝೋಪಡಿ ತೆಗೆದದ್ದು ತಪ್ಪೇ? ಕಾಡು ಹೋದರೆ ಹೋಗಲಿ ಎನ್ನಬೇಕಿತ್ತೇ? ನಾನು ಹಾಗೆ ಹೇಳಲಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ನಾನು ಶಾಖೆಯ ಮೇಜಿನ ಮೇಲೆ ರಾತ್ರಿ ಕಳೆದವನು. ಮೀಠಿ ನದಿ ಹುಟ್ಟುವುದು ವಿಹಾರ, ಪೊವಾಯಿ ಕೆರೆಗಳ ಕೋಡಿ ನೀರಿನಿಂದ. ಬೊರಿವಲಿಯ ಪಕ್ಕದ ದಹಿಸರ ನದಿಯೂ ಈ ಕಾಡಿನಿಂದಲೇ ಇಳಿದು ಬರುವುದು. ನೀರನ್ನು ಹಿಡಿದು ನಿಲ್ಲಿಸುವ ಇಷ್ಟು ಮರ, ಇಷ್ಟು ಮಣ್ಣು ಇಲ್ಲದಿದ್ದರೆ ಗತಿ ಏನಾಗುತ್ತಿತ್ತು ಎಂದು ಊಹಿಸಬಹುದು. ಚಿರತೆಗೂ ಬದುಕುವುದಕ್ಕೆ ಒಂದು ಜಾಗ ಬೇಕು. ಕಾಡು ಉಳಿಯಬೇಕಿತ್ತು, ಉಳಿದದ್ದು ಒಳ್ಳೆಯದಾಯಿತು. ಶರಾವತಿಯ ಬೆಳಕೂ ಬೇಕಿತ್ತು. ಅದನ್ನು ಅಜ್ಜಿಯೂ ಅಲ್ಲಗಳೆದವಳಲ್ಲ.

ಪ್ರಶ್ನೆ ಇರುವುದು ಬೇರೆ ಕಡೆ. ಎಲ್ಲರಿಗೂ ಬೇಕಾದ ವಸ್ತುವಿನ ಬೆಲೆಯನ್ನು ಕೊಟ್ಟವರು ಯಾರು? ಕೊಡದೆ ಅನುಭವಿಸಿದವರು ಅವರಿಗೆ ಏನಾದರೂ ಬಾಕಿ ಇದ್ದಾರೆಯೇ?

ಇಲ್ಲ ಎನ್ನುವುದಕ್ಕೆ ನನ್ನ ಬಳಿ ಬಹಳ ವರ್ಷ ಒಂದು ಗಟ್ಟಿ ವಾದವಿತ್ತು. ಸಾಲ ಕೇಳಿದವಳು ಅವಳು, ನಾನು ಕೊಡಲಿಲ್ಲ. ಕೊಡದ ಸಾಲಕ್ಕೆ ನಾನು ಬಾಕಿದಾರ ಆಗುವುದು ಹೇಗೆ? ಅಲ್ಲದೆ ಕಾನೂನು ಮೀರಿ ಕಾಡಿನಲ್ಲಿ ಗುಡಿಸಲು ಹಾಕಿದವಳು ಅವಳು. ನಾನು ಕಟ್ಟಿದ್ದು ಸ್ಟಾಂಪ್ ಡ್ಯೂಟಿ, ತೆರಿಗೆ, ಮೇಂಟೆನೆನ್ಸು. ನನ್ನ ಕಾಗದ ಪತ್ರ ಎಲ್ಲ ಸರಿ ಇದೆ.

ಆ ರಾತ್ರಿ ಡೇರೆಯಲ್ಲಿ ಈ ವಾದದ ಲೆಕ್ಕ ಮತ್ತೊಮ್ಮೆ ಹಾಕಿ ನೋಡಿದೆ. ನಾವು ಅವಳಿಗೆ ಕೊಡುತ್ತಿದ್ದದ್ದು ತಿಂಗಳಿಗೆ ನಾನೂರು ರೂಪಾಯಿ. ಅವಳು ಬೊರಿವಲಿಯಲ್ಲಿ ಬಾಡಿಗೆ ಕೋಣೆ ಹಿಡಿಯಬೇಕಾಗಿದ್ದರೆ ನಾನೂರಕ್ಕೆ ನಮ್ಮ ಮನೆಗೆ ಬರಲು ಸಾಧ್ಯವೇ ಇರಲಿಲ್ಲ. ಕಟ್ಟಡ ಕಟ್ಟಿದ ಅವಳ ಗಂಡನಿಗೂ ಆ ಕೂಲಿ ಸಾಲುತ್ತಿರಲಿಲ್ಲ. ಆಗ ನಮ್ಮ ಫ್ಲ್ಯಾಟಿನ ಬೆಲೆ ಆ ಬೆಲೆ ಆಗಿರುತ್ತಿರಲಿಲ್ಲ. ಅವರ ಬಾಡಿಗೆಯನ್ನು ಕಟ್ಟುತ್ತಿದ್ದದ್ದು ಕಾಡು. ಉಳಿದ ಹಣ ಸೇರುತ್ತಿದ್ದದ್ದು ನಮ್ಮ ಕಿಸೆಗೆ. ಅಂದಮೇಲೆ ಕಾಡನ್ನು ಒತ್ತುವರಿ ಮಾಡಿದ್ದು ಅವಳೊಬ್ಬಳೇ ಅಲ್ಲ. ಆ ಒತ್ತುವರಿಯ ಲಾಭದಲ್ಲಿ ನನಗೂ ಪಾಲಿತ್ತು. ತೆರವಿನ ನೋಟೀಸು ಮಾತ್ರ ಅವಳ ಹೆಸರಿಗೆ ಹೋಯಿತು. ಕಾಡು ಖಾಲಿಯಾದ ಮೇಲೆ ಅದರ ಅಂಚಿನಲ್ಲಿ ಎದ್ದ ಗೋಪುರಗಳು "ಕಾಡಿನ ನೋಟ" ಎಂದು ಜಾಹೀರಾತು ಹಾಕಿ ಮಾರಾಟವಾದವು. ನಮ್ಮ ಫ್ಲ್ಯಾಟಿನ ಬೆಲೆಯೂ ಏರಿತು. ಒತ್ತುವರಿಯಿದ್ದಾಗಲೂ ಲಾಭ, ತೆರವಾದಾಗಲೂ ಲಾಭ. ಎರಡೂ ಕಡೆ ಜಮಾ ಆಗುವ ಇಂಥ ಖಾತೆ ಆಡಿಟಿಗೆ ಬಂದರೆ ನಾನೇ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ.

ಹೊರನಾಡಿನಲ್ಲಿ ಇರುವ ನಾವು ಅನ್ನದ ಋಣ, ನೀರಿನ ಋಣ ಎಂಬ ಮಾತನ್ನು ಕನ್ನಡ ಸಂಘದ ಸಭೆಗಳಲ್ಲಿ ಧಾರಾಳವಾಗಿ ಆಡುತ್ತೇವೆ. ತಾಯ್ನಾಡಿನ ಋಣ, ಕರ್ಮಭೂಮಿಯ ಋಣ ಎನ್ನುತ್ತೇವೆ. ಭೂಮಿ ಬಂದು ಬಾಕಿ ಕೇಳುವುದಿಲ್ಲವಾದ್ದರಿಂದ ಆ ಮಾತು ಸುಲಭ. ಋಣಕ್ಕೆ ಮುಖ ಇದ್ದಾಗ, ಅದು ಬಾಗಿಲಲ್ಲಿ ಸೆರಗು ಹಿಡಿದು ನಮ್ಮ ಭಾಷೆಯಲ್ಲೇ ಕೇಳಿದಾಗ, ನಾವು ನಿಯಮ ಪುಸ್ತಕ ತೆಗೆಯುತ್ತೇವೆ. ಅವಳು ಕನ್ನಡದವಳು ಎಂಬುದರಿಂದ ನನ್ನ ತಪ್ಪು ಹೆಚ್ಚಾಯಿತು ಎಂದಲ್ಲ. ಮರಾಠಿಯವಳಾಗಿದ್ದರೂ ತಪ್ಪು ಅಷ್ಟೇ. ಆದರೆ ಮಾತು ಅರ್ಥವಾಗಲಿಲ್ಲ ಎಂಬ ನೆಪ ನನಗೆ ಉಳಿಯಲಿಲ್ಲ.

ಡೇರೆಯಲ್ಲಿ ನಿದ್ದೆ ಸರಿಯಾಗಿ ಬರಲಿಲ್ಲ. ಒಂದು ಕಡೆ ಜೀರುಂಡೆ, ಇನ್ನೊಂದು ಕಡೆ ದೂರದ ಹೆದ್ದಾರಿಯ ಸದ್ದು. ನಡುರಾತ್ರಿ ಜಿಂಕೆಯೊಂದು ಎರಡು ಮೂರು ಸಲ ಕೂಗಿತು. ಚಿರತೆ ಓಡಾಡುತ್ತಿರಬೇಕು ಎಂದು ವಾರಲಿ ಹುಡುಗ ಹೊರಗಿನಿಂದ ಮೆಲ್ಲಗೆ ಹೇಳಿದ. ಮೊಮ್ಮಗಳು ನನ್ನ ತೋಳು ಹಿಡಿದು ಮಲಗಿದಳು. ಒಂದು ರಾತ್ರಿ ತೆಳುಬಟ್ಟೆಯ ಗೋಡೆಯೊಳಗೆ ಮಲಗುವುದಕ್ಕೆ ನಾವು ದುಡ್ಡು ಕಟ್ಟಿ ಬಂದಿದ್ದೆವು. ಬಾಯಿ ಇದೇ ಕಾಡಿನಲ್ಲಿ, ಸೊಂಟ ಮುರಿದ ಗಂಡ ಮತ್ತು ಮಕ್ಕಳ ಜೊತೆ, ತಗಡಿನ ಗೋಡೆಯೊಳಗೆ ವರ್ಷಗಟ್ಟಲೆ ಮಲಗಿದ್ದಳು. ಬೆಳಿಗ್ಗೆ ಆರೂವರೆಗೆ ನಮ್ಮ ಕರೆಗಂಟೆ ಒತ್ತುತ್ತಿದ್ದಳು. ಒಂದು ದಿನವೂ ತಡವಾಗಿ ಬಂದವಳಲ್ಲ. ಇಂಥವಳ ಸಾಲದ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ, ವಿಳಾಸದ ಕಾಲಂ ಬಿಟ್ಟು ಉಳಿದ ಎಲ್ಲದರಲ್ಲೂ ಪೂರ್ತಿ ಅಂಕ ಕೊಡಬೇಕಾಗಿತ್ತು.

ಬೆಳಿಗ್ಗೆ ಮತ್ತೆ ಝರಿಯ ಹತ್ತಿರ ಹೋದೆವು. "ಅಜ್ಜ, ಜೋಗ ಇದಕ್ಕಿಂತ ದೊಡ್ಡದಾ?" ಎಂದು ಮೊಮ್ಮಗಳು ಕೇಳಿದಳು. "ಬಹಳ ದೊಡ್ಡದು. 830 ಅಡಿ" ಎಂದೆ. "ಮತ್ತೆ ಇದು ಚೆನ್ನಾಗಿಲ್ವಾ?" "ಇದೂ ಚೆನ್ನಾಗಿದೆ" ಎಂದೆ. ಅಷ್ಟೇ ಹೇಳಿದ್ದು. ಒಡೆದ ತುಳಸಿಕಟ್ಟೆಯ ವಿಷಯ ದಾರಿಯಲ್ಲಿ ಹೇಳಿದೆ, ಐನೂರು ರೂಪಾಯಿಯ ವಿಷಯವನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಯಾಕೆ ಕೊಡಲಿಲ್ಲ?" ಎಂದಳು. ಉತ್ತರ ಹೊಳೆಯಲಿಲ್ಲ. ಗೇಟಿನ ಬಳಿ ಆದಿವಾಸಿ ಹೆಂಗಸೊಬ್ಬಳು ಮಾರುತ್ತಿದ್ದ ಮಡಹಾಗಲಕಾಯಿ ಕೊಂಡೆ. ನಮ್ಮೂರಿನದೇ ಕಾಯಿ. ಅಂದು ಚೌಕಾಸಿ ಮಾಡಲಿಲ್ಲ. ಹಾಗೆ ಮಾಡದೆ ಇದ್ದದ್ದರಿಂದ ಏನೂ ತೀರಲಿಲ್ಲ ಎಂಬುದೂ ಗೊತ್ತಿತ್ತು.

ಇನ್ನು ತೀರಿಸುವುದು ಹೇಗೆ? ಬ್ಯಾಂಕಿನಲ್ಲಿ ವಸೂಲಾಗದ ಸಾಲವನ್ನು ರೈಟ್ ಆಫ್ ಮಾಡುತ್ತೇವೆ. ಹೊರಗಿನವರು ಅದನ್ನು ಮನ್ನಾ ಎಂದು ತಿಳಿಯುತ್ತಾರೆ. ಮನ್ನಾ ಅಲ್ಲ. ಪುಸ್ತಕದ ಚೆಂದಕ್ಕೆ ಪಕ್ಕಕ್ಕಿಟ್ಟದ್ದು, ಬಾಕಿ ಹಾಗೇ ಇರುತ್ತದೆ. ಸಾಲಕ್ಕೆ ಕಾಲಮಿತಿ ಮೂರು ವರ್ಷ. ಅದು ಮೀರಿದರೆ ದಾವೆ ಹೂಡಲು ಬರುವುದಿಲ್ಲ. ಆದರೆ ಕಾಲಮಿತಿ ಮೀರಿದ ಸಾಲವನ್ನೂ ತೀರಿಸುತ್ತೇನೆಂದು ಸಾಲಗಾರ ತಾನಾಗಿ ಬರೆದು ಸಹಿ ಹಾಕಿದರೆ ಅದಕ್ಕೆ ಮತ್ತೆ ಜೀವ ಬರುತ್ತದೆ ಎನ್ನುತ್ತದೆ ಒಪ್ಪಂದ ಕಾಯ್ದೆ. ಬಾಕಿಯನ್ನು ಒಪ್ಪಿಕೊಳ್ಳುವುದು ತೀರಿಸಿದಂತೆ ಅಲ್ಲ. ಆದರೆ ಒಪ್ಪಿಕೊಳ್ಳದೆ ಯಾವ ಬಾಕಿಯೂ ತೀರುವುದಿಲ್ಲ.

ಅವಳು ಇನ್ನು ಸಿಗುವುದಿಲ್ಲ. ಹಾಗಾಗಿ ಮುಂದೆ ಕೇಳಿದವರಿಗೆ ಕೊಡಬೇಕೆಂದು ತೀರ್ಮಾನಿಸಿದೆ. ದಾನವಾಗಿ ಅಲ್ಲ, ಸಾಲವಾಗಿ, ಬಡ್ಡಿ ಇಲ್ಲದೆ. ನಮ್ಮ ಕಟ್ಟಡದ ವಾಚ್‌ಮನ್ ಮಗಳ ಕಾಲೇಜಿನ ಫೀಸಿಗೆಂದು ಹದಿನೈದು ಸಾವಿರ ಕೇಳಿದ. ಕೊಟ್ಟೆ. ತಿಂಗಳಿಗೆ ಸಾವಿರ ಎಂದು ಮಾತು. ನಾಲ್ಕು ಕಂತು ಕಟ್ಟಿದ, ಆಮೇಲೆ ಎರಡು ತಿಂಗಳು ತಪ್ಪಿಸಿದ. ಲಿಫ್ಟಿನ ಹತ್ತಿರ ಎದುರಾದರೆ ಅವನು ಬೇರೆ ಕಡೆ ನೋಡುತ್ತಿದ್ದ. ನನಗೂ ಒಳಗೊಳಗೆ ಸಿಟ್ಟು ಬರುತ್ತಿತ್ತು. ನೋಡಿ, ನಾನೇನೂ ಬದಲಾಗಿ ದೊಡ್ಡ ಮನುಷ್ಯನಾಗಿಲ್ಲ. ಕಳೆದ ವಾರ ಅವನು ಒಂದು ಕಂತು ತಂದು ಕೊಟ್ಟ. ಡೈರಿಯಲ್ಲಿ ಬರೆದುಕೊಂಡು, ಒಂದು ಲೋಟ ಚಹಾ ಕೊಟ್ಟು ಕಳಿಸಿದೆ.

ಆ ಬಾಯಿಗೆ ಓದಲು ಬರುತ್ತಿರಲಿಲ್ಲ. ಇದು ಅವಳ ಕೈಗೆ ಸೇರುವುದೂ ಇಲ್ಲ. ಅವಳ ಹೆಸರನ್ನು ನೆನಪು ಮಾಡಿಕೊಳ್ಳಲು ನಾನೂ ನನ್ನ ಹೆಂಡತಿಯೂ ಒಂದು ಸಂಜೆ ಪೂರ್ತಿ ಪ್ರಯತ್ನಪಟ್ಟೆವು, ಆಗಲಿಲ್ಲ. ಆದ್ದರಿಂದ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಐದು ಸಾವಿರ ರೂಪಾಯಿ ಬಾಕಿ ಇದೆ ಎಂದು ಇಲ್ಲಿ ಬರೆದು ಒಪ್ಪಿಕೊಂಡಿದ್ದೇನೆ.